ದುಬಾರಿ ವಿಸ್ಕಿ ನಿಜಕ್ಕೂ ಜಾಸ್ತಿ ರುಚಿನಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಸ್ಕಿ ಬಗ್ಗೆ ಸ್ವಲ್ಪ ಗೊತ್ತಿದೆ ಅಂತ ಹೆಸರು ಬಂದುಬಿಟ್ಟರೆ ಮದುವೆ ಮನೆಯಲ್ಲೂ ಜನ ಬಿಡುವುದಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರು ಅನ್ನ ಕಲಸುತ್ತಲೇ ಕಿವಿ ಹತ್ತಿರ ಬಾಗಿ ಕೇಳುತ್ತಾರೆ. ಹಾಗೆ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಕುಡಿಯದವರನ್ನು ಕುಡಿಸುವ ಆಸೆ ನನಗಿಲ್ಲ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೇಗೂ ಕೊಳ್ಳುವವರಿಗೆ ಮಾತ್ರ ಈ ಮಾತು.

## ಮೊದಮೊದಲ ಪ್ರಶ್ನೆಗಳು

ಸುತ್ತು ಬಳಸಿ ಹೇಳ್ಬೇಡಿ. ಕಾಸು ಜಾಸ್ತಿ ಕೊಟ್ರೆ ರುಚಿ ಜಾಸ್ತಿ ಸಿಗುತ್ತಾ, ಇಲ್ವಾ?

ಒಂದು ಹಂತದವರೆಗೆ ಸಿಗುತ್ತದೆ. ಅದಾದ ಮೇಲೆ ಇಲ್ಲ.

ತೀರಾ ಅಗ್ಗದ ಬಾಟಲಿಯಿಂದ ನಡುವಿನ ಬೆಲೆಗೆ ಬಂದಾಗ ಒಳಗಿರುವ ಸರಕೇ ಬದಲಾಗುತ್ತದೆ. ಮಾಲ್ಟ್ (ಮೊಳಕೆ ಕಟ್ಟಿದ ಬಾರ್ಲಿಯಿಂದ ಮಾಡಿದ್ದು) ಜಾಸ್ತಿ ಇರುತ್ತದೆ, ಮರದ ಪೀಪಾಯಿಯಲ್ಲಿ ಕಳೆದ ಕಾಲವೂ ಜಾಸ್ತಿ. ಈ ವ್ಯತ್ಯಾಸ ಹೊಸಬರಿಗೂ ತಿಳಿಯುತ್ತದೆ. ನಡುವಿನಿಂದ ಮೇಲಕ್ಕೆ ಹೋದಂತೆ ನೀವು ತೆರಿಗೆಗೆ, ಡಬ್ಬಕ್ಕೆ, ಹೆಸರಿಗೆ, ಅಪರೂಪಕ್ಕೆ ದುಡ್ಡು ಕೊಡುತ್ತಾ ಹೋಗುತ್ತೀರಿ. ಬೆಂಗಳೂರಿನ ಬೆಲೆಯಲ್ಲಿ ಐದಾರು ಸಾವಿರ ದಾಟಿದ ಮೇಲೆ ನನ್ನ ನಾಲಿಗೆಗೆ ಸಿಕ್ಕಿದ್ದು ಹೆಚ್ಚಾಗಿ 'ಬೇರೆ' ರುಚಿ, 'ಮೇಲಿನ' ರುಚಿ ಅಲ್ಲ. ನಿಮ್ಮ ಗೆರೆ ಬೇರೆ ಕಡೆ ಇರಬಹುದು. ಆದರೆ ಗೆರೆ ಅಂತೂ ಇದ್ದೇ ಇದೆ.

ನಮ್ಮಲ್ಲಿ ಸಿಗೋ ಕಡಿಮೆ ಬೆಲೆ ವಿಸ್ಕಿ ವಿಸ್ಕಿನೇ ಅಲ್ವಂತೆ, ಹೌದಾ?

ಯುರೋಪಿನ ಕಾನೂನಿನ ಪ್ರಕಾರ ಬಹಳಷ್ಟು ಅಲ್ಲ. ಅಲ್ಲಿ ವಿಸ್ಕಿ ಅಂತ ಹೆಸರು ಹಾಕಬೇಕಾದರೆ ಧಾನ್ಯದಿಂದಲೇ ಮಾಡಿರಬೇಕು, ಕನಿಷ್ಠ 3 ವರ್ಷ ಮರದ ಪೀಪಾಯಿಯಲ್ಲಿ ಇಟ್ಟಿರಬೇಕು. ನಮ್ಮ ಅಗ್ಗದ ವಿಸ್ಕಿಯಲ್ಲಿ ದೊಡ್ಡ ಪಾಲು ಇಎನ್‌ಎ, ಅಂದರೆ ರುಚಿ ವಾಸನೆ ಎಲ್ಲ ತೆಗೆದ ಶುದ್ಧ ಸ್ಪಿರಿಟ್. ಹಿಂದೆ ಇದನ್ನು ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆಯುತ್ತಿದ್ದರು. ಈಗ ನುಚ್ಚಕ್ಕಿ, ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ಅದಕ್ಕೆ ಸ್ವಲ್ಪ ಮಾಲ್ಟ್, ಕೆಲವು ಬ್ರ್ಯಾಂಡಿನಲ್ಲಿ ಒಂದಿಷ್ಟು ಸ್ಕಾಚ್ (ಸ್ಕಾಟ್ಲೆಂಡಿನ ವಿಸ್ಕಿ), ಬಣ್ಣ, ಪರಿಮಳ ಸೇರಿಸುತ್ತಾರೆ.

ಇದನ್ನು ಮೋಸ ಅಂತ ನಾನು ಹೇಳುವುದಿಲ್ಲ. ಚಿಕೋರಿ ಬೆರೆಸಿದ ಪುಡಿಯನ್ನು ನಾವು ಕಾಫಿ ಅಂತಲೇ ಕರೆದು ಖುಷಿಯಾಗಿ ಕುಡಿಯುತ್ತೇವೆ, ಅಲ್ವಾ? ಎಷ್ಟು ಬೆರೆಸಿದ್ದಾರೆ ಅಂತ ಗೊತ್ತಿದ್ದರೆ ಸಾಕು. ವಿಸ್ಕಿ ಲೇಬಲ್ಲಿನ ತೊಂದರೆ ಅಂದರೆ ಅದು ಹೇಳುವುದಿಲ್ಲ. 'ಸ್ಕಾಚ್ ಮಾಲ್ಟ್ ಬೆರೆಸಿದ್ದು' ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ನೂರಕ್ಕೆ ಎಷ್ಟು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ.

ಸಿಂಗಲ್ ಮಾಲ್ಟ್ ಅಂದ್ರೆ ಬೆಸ್ಟು, ಬ್ಲೆಂಡೆಡ್ ಅಂದ್ರೆ ಕಲಬೆರಕೆ. ಸರಿ ತಾನೇ?

ಸರಿಯಲ್ಲ. ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಕಟ್ಟಿದ ಬಾರ್ಲಿಯಿಂದ ಮಾತ್ರ ಮಾಡಿದ್ದು. ಒಂದೇ ಪೀಪಾಯಿಯದ್ದು ಅಂತ ಅರ್ಥವಲ್ಲ. ಒಂದು ಬಾಟಲಿಗೆ ಹತ್ತಾರು, ನೂರಾರು ಪೀಪಾಯಿಗಳ ಸರಕು ಬೆರೆತಿರಬಹುದು. ಬ್ಲೆಂಡೆಡ್ ಸ್ಕಾಚ್‌ನಲ್ಲಿ ಬೇರೆ ಬೇರೆ ಡಿಸ್ಟಿಲರಿಗಳ ಮಾಲ್ಟ್ ಜೊತೆಗೆ ಗೋಧಿ, ಮೆಕ್ಕೆಜೋಳದ ಗ್ರೇನ್ ವಿಸ್ಕಿ ಇರುತ್ತದೆ. ಅದೂ 3 ವರ್ಷ ಪೀಪಾಯಿಯಲ್ಲಿ ಇದ್ದಿದ್ದೇ. ಗ್ರೇನ್ ವಿಸ್ಕಿ ಮಾಡಲು ಖರ್ಚು ಕಡಿಮೆ, ಹಾಗಾಗಿ ಬ್ಲೆಂಡ್ ಅಗ್ಗ. ಒಳ್ಳೆಯ 12 ವರ್ಷದ ಬ್ಲೆಂಡ್ ಒಂದು ಸಾಧಾರಣ ಸಿಂಗಲ್ ಮಾಲ್ಟನ್ನು ಸುಲಭವಾಗಿ ಹಿಂದೆ ಹಾಕುತ್ತದೆ.

ದುಬಾರಿದು ಕುಡಿದ್ರೆ ಬೆಳಿಗ್ಗೆ ತಲೆನೋವು ಬರಲ್ಲ ಅಂತಾರಲ್ಲ?

ತಲೆನೋವು ತರುವುದು ಮುಖ್ಯವಾಗಿ ಎಷ್ಟು ಕುಡಿದಿರಿ ಅನ್ನುವುದು. ಎರಡನೆಯ ಕಾರಣ ಕಂಜನರ್‌ಗಳು: ಹುದುಗುವಾಗ ಹುಟ್ಟಿಕೊಂಡು, ಭಟ್ಟಿಯಲ್ಲಿ ಉಳಿದು, ಪೀಪಾಯಿಯಿಂದಲೂ ಸೇರಿಕೊಳ್ಳುವ ಸಣ್ಣ ಸಣ್ಣ ಪದಾರ್ಥಗಳು. ವಿಸ್ಕಿಗೆ ರುಚಿ ಕೊಡುವುದೂ ಇವೇ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಬೋರ್ಬನ್ (ಅಮೆರಿಕದ ವಿಸ್ಕಿ) ಕುಡಿದವರು ವೋಡ್ಕಾ ಕುಡಿದವರಿಗಿಂತ ಜಾಸ್ತಿ ಹ್ಯಾಂಗೋವರ್ ಅನುಭವಿಸಿದರು. ಆ ಬೋರ್ಬನ್‌ನಲ್ಲಿ ಕಂಜನರ್ ವೋಡ್ಕಾಗಿಂತ 37 ಪಟ್ಟು ಇತ್ತು.

ಈ ಲೆಕ್ಕದಲ್ಲಿ ಹತ್ತು ಸಾವಿರದ ಮಾಲ್ಟಿಗಿಂತ ಶುದ್ಧ ಸ್ಪಿರಿಟ್‌ನ ಅಗ್ಗದ ಬಾಟಲಿಯಲ್ಲೇ ಕಂಜನರ್ ಕಡಿಮೆ! ಆದರೂ ದುಬಾರಿದು ಕುಡಿದವರಿಗೆ ಹಾಯಾಗಿರುತ್ತದೆ. ಯಾಕೆ ಅಂದರೆ ಬೆಲೆ ನೆನಪಾಗಿ ಎರಡು ಪೆಗ್ಗಿಗೆ ನಿಲ್ಲಿಸಿರುತ್ತಾರೆ. (ಪರವಾನಗಿ ಇಲ್ಲದ ಕಳ್ಳಭಟ್ಟಿಗೆ ಈ ಮಾತು ಅನ್ವಯಿಸುವುದಿಲ್ಲ. ಅದರಲ್ಲಿ ಮೆಥನಾಲ್ ಇರಬಹುದು. ಅದು ಕಣ್ಣು ತೆಗೆಯುತ್ತದೆ, ಜೀವವನ್ನೂ ತೆಗೆಯುತ್ತದೆ.)

## ದುಡ್ಡಿನ ಲೆಕ್ಕ

ಅದೇ ಬಾಟಲಿ ಡ್ಯೂಟಿ ಫ್ರೀಲಿ ಇಷ್ಟು, ಬೆಂಗಳೂರಲ್ಲಿ ಅಷ್ಟು. ಇದೇನು ಕಥೆ?

ಇದು ತೆರಿಗೆಯ ಕಥೆ. ಸ್ಕಾಚ್‌ಗೆ ಭಾರತ ವರ್ಷಗಳಿಂದ ಹಾಕುತ್ತಾ ಬಂದ ಆಮದು ಸುಂಕ ನೂರಕ್ಕೆ 150. ಆ ದರದಲ್ಲಿ, ಬಂದರಿಗೆ ಬಂದಾಗ 1,000 ರೂಪಾಯಿ ಇದ್ದ ಬಾಟಲಿ ಸುಂಕ ಕಟ್ಟಿ ಹೊರಗೆ ಬರುವಷ್ಟರಲ್ಲಿ 2,500 ಆಗುತ್ತದೆ. ಆಮೇಲೆ ರಾಜ್ಯದ ಅಬಕಾರಿ ಸುಂಕ, ಸಾಗಾಣಿಕೆ, ಅಂಗಡಿಯವರ ಲಾಭ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ ಈ 150ನ್ನು ಮೊದಲು 75ಕ್ಕೆ, ಆಮೇಲೆ ಹತ್ತು ವರ್ಷದಲ್ಲಿ ಹಂತಹಂತವಾಗಿ 40ಕ್ಕೆ ಇಳಿಸುವ ಮಾತಿದೆ.

ರಾಜ್ಯದ ಪಾಲು ಸಣ್ಣದಲ್ಲ. ಮದ್ಯ ಜಿಎಸ್‌ಟಿಯ ಹೊರಗಿದೆ, ಒಂದೊಂದು ರಾಜ್ಯದ್ದು ಒಂದೊಂದು ದರ. ಕರ್ನಾಟಕದಲ್ಲಿ ಬಾಟಲಿಗಳೆಲ್ಲ ಸರ್ಕಾರದ ಪಾನೀಯ ನಿಗಮ ಕೆಎಸ್‌ಬಿಸಿಎಲ್ ಗೋದಾಮಿನ ಮೂಲಕ ಅಂಗಡಿಗೆ ಬರುತ್ತವೆ. 2024ರ ಪದ್ಧತಿಯಲ್ಲಿ, ತಯಾರಕರು ಘೋಷಿಸಿದ ಬೆಲೆ ಯಾವ ಸ್ಲ್ಯಾಬಿಗೆ (ಬೆಲೆಯ ಹಂತಕ್ಕೆ) ಬೀಳುತ್ತದೋ ಅದರಂತೆ ಹೆಚ್ಚುವರಿ ಸುಂಕ ಇತ್ತು. 2024ರಲ್ಲಿ ಸ್ಲ್ಯಾಬುಗಳನ್ನು 18ರಿಂದ 16ಕ್ಕೆ ಇಳಿಸಿ, ಮೇಲಿನ ದರ್ಜೆಯ ಮದ್ಯದ ಸುಂಕ ತಗ್ಗಿಸಿದರು. ಅದೇ ವಿಸ್ಕಿ, ಅದೇ ಡಿಸ್ಟಿಲರಿ, ಬೆಲೆ ಮಾತ್ರ ಕೆಳಗೆ. ರುಚಿ ಕೆಟ್ಟಿತು ಅಂತ ಯಾರೂ ದೂರಲಿಲ್ಲ. ಗೋವಾಕ್ಕೆ ಹೋದವರು ಬಾಟಲಿ ಎತ್ತಿ ಹಿಡಿದು ಕುಣಿಯುವುದಕ್ಕೂ ರಾಜ್ಯ ರಾಜ್ಯಕ್ಕೆ ಬದಲಾಗುವ ಈ ಸುಂಕವೇ ಕಾರಣ.

ಹಾಗಾದ್ರೆ ಕೊಟ್ಟ ದುಡ್ಡಿಗೆ ಸರಿಯಾದ ಸ್ಕಾಚ್ ಸಿಗೋ ದಾರಿ ಏನಾದ್ರೂ ಇದ್ಯಾ?

ಇದೆ. ಲೇಬಲ್ಲಿನ ಹಿಂಭಾಗ ಓದಿ. ಕೆಲವು ಸ್ಕಾಚ್‌ಗಳು ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ಹೋಗಿ ಬರುತ್ತವೆ. ಕೆಲವು ದೊಡ್ಡ ಪಾತ್ರೆಯಲ್ಲಿ ಬಂದು ಇಲ್ಲಿ ನೀರು ಬೆರೆತು ಬಾಟಲಿಗೆ ಇಳಿಯುತ್ತವೆ. ಎರಡನೆಯದು ತುಂಬಾ ಅಗ್ಗ. ವಿಸ್ಕಿ ಅಲ್ಲಿಯದ್ದೇ, 3 ವರ್ಷದ ನಿಯಮ ಅದಕ್ಕೂ ಉಂಟು. 'ಇಂಡಿಯಾದಲ್ಲಿ ಬಾಟಲಿಂಗ್' ಅಂತ ಕಂಡ ಕೂಡಲೇ ಮೂಗು ಮುರಿಯುವವರಿದ್ದಾರೆ. ಅವರು ಮುರಿದುಕೊಳ್ಳಲಿ ಬಿಡಿ, ಬೆಲೆ ಇನ್ನೂ ಕೆಳಗೇ ಇರುತ್ತದೆ.

42.8 ಅಂತ ಯಾಕೆ ಬರೆದಿರ್ತಾರೆ? ಪರ್ಸೆಂಟ್ ಜಾಸ್ತಿ ಇದ್ರೆ ಒಳ್ಳೇದಾ?

ಅದು ಬ್ರಿಟಿಷರು ಬಿಟ್ಟುಹೋದ ಅಳತೆ. ಅವರ 'ಪ್ರೂಫ್' ಲೆಕ್ಕದಲ್ಲಿ 100 ಅಂದರೆ ಸುಮಾರು 57 ಪರ್ಸೆಂಟ್ ಆಲ್ಕೋಹಾಲ್. ಅದರ ಮುಕ್ಕಾಲು ಭಾಗ 42.8. ಸ್ಕಾಚ್‌ಗೆ ಕನಿಷ್ಠ 40.

ಇದಕ್ಕಿಂತ ಮುಖ್ಯವಾದ ಸಂಖ್ಯೆ 46. ಅದಕ್ಕಿಂತ ಕಡಿಮೆ ಇದ್ದರೆ ತಣ್ಣಗಾದಾಗ ವಿಸ್ಕಿ ಮಬ್ಬಾಗುತ್ತದೆ. ಗಿರಾಕಿ ಗಾಬರಿಯಾಗಬಾರದು ಅಂತ ಬಹಳ ಕಂಪನಿಗಳು ಅದನ್ನು ಮೊದಲೇ ತಣ್ಣಗೆ ಮಾಡಿ ಸೋಸುತ್ತವೆ. ಸೋಸುವಾಗ ನಾಲಿಗೆಗೆ ದಪ್ಪ ಕೊಡುವ ಎಣ್ಣೆಯಂಥ ಅಂಶವೂ ಸ್ವಲ್ಪ ಹೋಗುತ್ತದೆ. 46 ಅಥವಾ ಅದಕ್ಕಿಂತ ಮೇಲೆ, ಸೋಸದೆ ಬಾಟಲಿ ಮಾಡಿದ್ದಕ್ಕೆ ಮುನ್ನೂರು ನಾನೂರು ರೂಪಾಯಿ ಜಾಸ್ತಿ ಕೊಡುವುದು ಸಾರ್ಥಕ. ಚರ್ಮದ ಡಬ್ಬಕ್ಕೆ ಕೊಡುವುದು ಸುಮ್ನೆ.

## ಪೀಪಾಯಿಯ ಒಳಗೆ

18 ವರ್ಷದ್ದು 12 ವರ್ಷದ್ದಕ್ಕಿಂತ ರುಚಿ ಇರಲೇಬೇಕಲ್ವಾ? ನಮ್ಮ ಬೆಂಗಳೂರಿನ ವಿಸ್ಕಿ ಕಂಪನಿ ಅಮೃತ್‌ನವರು ವಯಸ್ಸೇ ಹಾಕಲ್ಲ, ಯಾಕೆ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು.

ಮೊದಲು ಒಂದು ವಿಷಯ. ಬಾಟಲಿ ಮೇಲಿನ ವಯಸ್ಸು ಒಳಗಿರುವ ಅತಿ ಚಿಕ್ಕ ವಿಸ್ಕಿಯದ್ದು, ಸರಾಸರಿ ಅಲ್ಲ. ಇನ್ನು, ಪೀಪಾಯಿಯಲ್ಲಿದ್ದಷ್ಟು ದಿನವೂ ವಿಸ್ಕಿ ಆವಿಯಾಗುತ್ತಾ ಇರುತ್ತದೆ. ಸ್ಕಾಟ್ಲೆಂಡಿನವರು ಇದಕ್ಕೆ ದೇವತೆಗಳ ಪಾಲು ಅನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಹೋಗುತ್ತದೆ. ಬೆಂಗಳೂರಿನಲ್ಲಿ 10ರಿಂದ 12.

ಲೆಕ್ಕ ಹಾಕಿ ನೋಡಿ. 200 ಲೀಟರಿನ ಒಂದು ಪೀಪಾಯಿ. ಸ್ಕಾಟ್ಲೆಂಡಿನಲ್ಲಿ 12 ವರ್ಷ ಇಟ್ಟರೆ ಸುಮಾರು 157 ಲೀಟರ್ ಉಳಿಯುತ್ತದೆ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯ ಗೋದಾಮಿನಲ್ಲಿ, ವರ್ಷಕ್ಕೆ 11 ಪರ್ಸೆಂಟ್ ಅಂತ ಇಟ್ಟುಕೊಂಡರೆ, 5 ವರ್ಷಕ್ಕೇ 112 ಲೀಟರಿಗೆ ಇಳಿದಿರುತ್ತದೆ. 12 ವರ್ಷ ಕಾದರೆ 50 ಲೀಟರೂ ಸಿಗುವುದಿಲ್ಲ. ಅವರು ಹಾಗೂ ಕಾದು ಒಂದು ಬಾಟಲಿ ತಂದರು. ಹೆಸರೇ 'ಗ್ರೀಡಿ ಏಂಜೆಲ್ಸ್', ಅಂದರೆ ದುರಾಸೆಯ ದೇವತೆಗಳು. ಬೆಲೆ ಕೇಳಿದರೆ ದುರಾಸೆ ಯಾರದ್ದು ಅಂತ ಅನುಮಾನ ಬರಬಹುದು, ಆದರೆ ಪೀಪಾಯಿ ಮುಕ್ಕಾಲು ಖಾಲಿಯಾಗಿದ್ದು ನಿಜ.

ಬಿಸಿಲಿಗೆ ಬರೀ ಆವಿಯಾಗುವುದಲ್ಲ, ಮರದ ಜೊತೆ ವಿಸ್ಕಿಯ ಕೆಲಸವೂ ಬೇಗ ನಡೆಯುತ್ತದೆ. ಇಲ್ಲಿ ನಾಲ್ಕೈದು ವರ್ಷದಲ್ಲಿ ಸಿಗುವ ಮರದ ಗುಣಕ್ಕೆ ಅಲ್ಲಿ ಹತ್ತಕ್ಕಿಂತ ಜಾಸ್ತಿ ವರ್ಷ ಬೇಕಾಗಬಹುದು. ಜಾಸ್ತಿ ಬಿಟ್ಟರೆ ಹಲಗೆ ಅಗಿದಂತೆ ಒಗರು. ಸ್ಕಾಚ್‌ನಲ್ಲೂ ಅಷ್ಟೇ, 25 ವರ್ಷದ ಕೆಲವು ವಿಸ್ಕಿಗಳಲ್ಲಿ ಬಾರ್ಲಿ ಎಲ್ಲೋ ಹೋಗಿ ಬರೀ ಓಕ್ ಮರ ಉಳಿದಿರುತ್ತದೆ. ವಯಸ್ಸು ಬೆಲೆ ಏರಿಸುವುದು ಖಂಡಿತ, ಯಾಕೆಂದರೆ ಅಷ್ಟು ವರ್ಷ ಜಾಗದ ಬಾಡಿಗೆ, ಬಡ್ಡಿ, ಆವಿಯಾದ ನಷ್ಟ ಎಲ್ಲ ಸೇರುತ್ತದೆ. ಆ ಖರ್ಚೆಲ್ಲ ರುಚಿಯಾಗಿ ನಿಮ್ಮ ಗ್ಲಾಸಿಗೆ ಬರಬೇಕು ಅಂತೇನಿಲ್ಲ.

ಶೆರ್ರಿ ಪೀಪಾಯಿ ಅಂತ ಹಾಕಿ ಡಬಲ್ ರೇಟ್ ಮಾಡ್ತಾರೆ. ಪೀಪಾಯಿಗೆ ಅಷ್ಟೊಂದು ಬೆಲೆನಾ?

ಹೌದು, ಇಲ್ಲಿ ಖರ್ಚಿಗೆ ಕಾರಣ ಇದೆ. ಅಮೆರಿಕದ ಕಾನೂನಿನಂತೆ ಬೋರ್ಬನ್‌ಗೆ ಪ್ರತಿ ಸಲ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ್ದನ್ನು ಬೋರ್ಬನ್‌ಗೆ ಮತ್ತೆ ಬಳಸುವಂತಿಲ್ಲ, ಹಾಗಾಗಿ ಪ್ರಪಂಚಕ್ಕೆಲ್ಲ ಅಗ್ಗವಾಗಿ ಮಾರುತ್ತಾರೆ. ಸ್ಪೇನಿನ ಶೆರ್ರಿ ವೈನ್ ಹಿಂದೆ ಪೀಪಾಯಿಯಲ್ಲೇ ಬ್ರಿಟನ್‌ಗೆ ಹೋಗುತ್ತಿತ್ತು. 1980ರ ದಶಕದಲ್ಲಿ ಸ್ಪೇನಿನಲ್ಲೇ ಬಾಟಲಿ ಮಾಡಬೇಕು ಅಂತಾಯಿತು, ಆ ಖಾಲಿ ಪೀಪಾಯಿಗಳು ಬರುವುದು ನಿಂತಿತು. ಈಗ ವಿಸ್ಕಿಗೆ ಅಂತಲೇ ಹೊಸ ಪೀಪಾಯಿ ಮಾಡಿಸಿ, ಶೆರ್ರಿ ತುಂಬಿಸಿ ಪಳಗಿಸುತ್ತಾರೆ. ಬೆಲೆ ಬೋರ್ಬನ್ ಪೀಪಾಯಿಯ ಹಲವು ಪಟ್ಟು. ಒಣದ್ರಾಕ್ಷಿ, ಖರ್ಜೂರದಂಥ ರುಚಿ ಬರುವುದು ಅದರಿಂದ. ಆ ರುಚಿ ನಿಮಗೆ ಇಷ್ಟ ಇಲ್ಲದಿದ್ದರೆ ಮಾತ್ರ ಆ ದುಡ್ಡು ದಂಡ.

ಬಣ್ಣ ಗಾಢ ಇದ್ರೆ ಹಳೇದು ಅಂತ ಅರ್ಥ ತಾನೇ?

ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ. ಇ150ಎ ಅಂತ ಅದರ ಹೆಸರು. ಹಾಗಾಗಿ ಬಣ್ಣ ನೋಡಿ ಬೆಲೆ ಕಟ್ಟಬೇಡಿ.

ವೋಡ್ಕಾ, ರಮ್, ಜಿನ್‌ಗೂ ಇದೇ ಲೆಕ್ಕನಾ?

ವೋಡ್ಕಾದಲ್ಲಿ ಬೆಲೆಗೂ ರುಚಿಗೂ ನಂಟು ತೀರಾ ಸಡಿಲ. ಅದರ ಗುಣವೇ ರುಚಿ ಇಲ್ಲದಿರುವುದು. ಅಮೆರಿಕದ ನಿಯಮದಲ್ಲೇ 2020ರವರೆಗೆ ವೋಡ್ಕಾಗೆ ವಿಶೇಷವಾದ ವಾಸನೆ, ರುಚಿ, ಬಣ್ಣ ಇರಬಾರದು ಅಂತಿತ್ತು. 2005ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯವರು ದುಬಾರಿ ವೋಡ್ಕಾಗಳ ಸಾಲಿನಲ್ಲಿ ಗುಟ್ಟಾಗಿ ಸಾದಾ ಸ್ಮಿರ್ನಾಫ್ ಸೇರಿಸಿ, ಹೆಸರು ಮುಚ್ಚಿ ರುಚಿ ನೋಡಿಸಿದರು. ಗೆದ್ದದ್ದು ಸ್ಮಿರ್ನಾಫ್.

ರಮ್‌ಗೆ ನಮ್ಮ ಓಲ್ಡ್ ಮಾಂಕ್ ಒಂದೇ ಸಾಕು ಉತ್ತರ. 1954ರಿಂದ ಇದೆ, ಇವತ್ತಿಗೂ ಜೇಬಿಗೆ ಭಾರವಲ್ಲ, ದುಬೈಯಲ್ಲಿ ಕೆಲಸದಲ್ಲಿರುವ ಮಂಗಳೂರಿನವರು ಊರಿಗೆ ಬಂದಾಗ ಹುಡುಕುವುದೂ ಅದನ್ನೇ. ಜಿನ್‌ಗೆ ಟಾನಿಕ್ ಸುರಿದ ಮೇಲೆ ಟಾನಿಕ್ ಚೆನ್ನಾಗಿದೆಯಾ ಅನ್ನುವುದೇ ದೊಡ್ಡ ಪ್ರಶ್ನೆ.

## ನಾಲಿಗೆ, ಮೂಗು, ತಲೆ

ಬೆಲೆ ಗೊತ್ತಿದ್ರೆ ರುಚಿ ಬದಲಾಗುತ್ತಂತೆ. ಅದೆಲ್ಲ ನಾಟಕ ಅಲ್ವಾ?

ನಾಟಕ ಅಲ್ಲ, ಅದೇ ವಿಚಿತ್ರ. ಇದರ ಬಗ್ಗೆ ವೈನ್ ಮೇಲೆ ನಡೆದ ಎರಡು ಅಧ್ಯಯನಗಳು ಪ್ರಸಿದ್ಧ, ಎರಡೂ 2008ರವು. ಒಂದರಲ್ಲಿ ಆರು ಸಾವಿರಕ್ಕೂ ಹೆಚ್ಚು ಸಲ ಹೆಸರು ಮುಚ್ಚಿ ರುಚಿ ನೋಡಿಸಿದರು. ತರಬೇತಿ ಇಲ್ಲದವರಿಗೆ ದುಬಾರಿ ವೈನ್ ಒಂಚೂರು ಕಡಿಮೆಯೇ ಹಿಡಿಸಿತ್ತು.

ಇನ್ನೊಂದು ಕ್ಯಾಲಿಫೋರ್ನಿಯಾದ್ದು. ಜನರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಕೊಳವೆಯಲ್ಲಿ ವೈನ್ ಕೊಟ್ಟರು. 90 ಡಾಲರಿನ ವೈನನ್ನೇ ಒಮ್ಮೆ 90 ಡಾಲರಿನದ್ದು ಅಂತ, ಇನ್ನೊಮ್ಮೆ 10 ಡಾಲರಿನದ್ದು ಅಂತ ಹೇಳಿದರು. ಬೆಲೆ ಜಾಸ್ತಿ ಹೇಳಿದಾಗ ಹಿಡಿಸಿತು ಅಂದರು. ಅಷ್ಟೇ ಅಲ್ಲ, ಖುಷಿಗೆ ಸಂಬಂಧಿಸಿದ ಮೆದುಳಿನ ಭಾಗವೂ ಜಾಸ್ತಿ ಚುರುಕಾಗಿತ್ತು. ಅಂದರೆ ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಅವರಿಗೆ ಜಾಸ್ತಿ ಖುಷಿಯಾಗಿತ್ತು.

ನಮ್ಮಲ್ಲಿ ಇದು ಇನ್ನೂ ಜೋರು. ಮದ್ಯದ ಜಾಹೀರಾತಿಗೆ ನಿರ್ಬಂಧ ಇದೆ, ಕಂಪನಿಗಳು ಸೋಡಾ, ಸಂಗೀತದ ಹೆಸರಿನಲ್ಲಿ ಮುಖ ತೋರಿಸುತ್ತವೆ. ವಿವರ ಹೇಳುವಂತಿಲ್ಲದಾಗ ಬೆಲೆಯೇ ಜಾಹೀರಾತು. ಅಂಗಡಿ ಕಿಟಕಿಯ ಹೊರಗೆ ನಿಂತು 'ಅದಕ್ಕಿಂತ ಮೇಲಿಂದು ಕೊಡಪ್ಪಾ' ಅನ್ನುವ ಗಿರಾಕಿ ಹೇಳುತ್ತಿರುವುದು ಬೆಲೆಯ ಮಾತು, ರುಚಿಯದ್ದಲ್ಲ.

ಮನೇಲೇ ಪರೀಕ್ಷೆ ಮಾಡೋದು ಹೇಗೆ? ಇಬ್ರು ಫ್ರೆಂಡ್ಸ್ ಜೊತೆ ಬೆಟ್ ಕಟ್ಟಿದ್ದೀನಿ.

ಮೂರು ಗ್ಲಾಸಿನ ಆಟ ಆಡಿಸಿ. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ. ಯಾವುದು ದುಬಾರಿ ಅಂತ ಆಮೇಲೆ ಕೇಳೋಣ.

ಗ್ಲಾಸುಗಳು ಒಂದೇ ಥರದವಿರಲಿ, ಬಾಯಿ ಕಿರಿದಾಗಿದ್ದರೆ ವಾಸನೆ ನಿಲ್ಲುತ್ತದೆ. ಬಣ್ಣ ಕಾಣದಂತೆ ಪೇಪರ್ ಸುತ್ತಿ, ತಳಕ್ಕೆ ಗುರುತಿನ ಚೀಟಿ ಅಂಟಿಸಿ. 15 ಮಿಲಿಗಿಂತ ಜಾಸ್ತಿ ಬೇಡ. ಸುರಿದವರು ತಂದುಕೊಡಬಾರದು, ಮುಖ ನೋಡಿಯೇ ಜನ ಕಂಡುಹಿಡಿಯುತ್ತಾರೆ. ಒಂದು 40, ಇನ್ನೊಂದು 46 ಪರ್ಸೆಂಟ್ ಆಗಿದ್ದರೆ ಗಂಟಲಿನ ಉರಿಯೇ ಗುಟ್ಟು ಬಿಟ್ಟುಕೊಡುತ್ತದೆ, ಹಾಗಾಗಿ ನೀರು ಬೆರೆಸಿ ಸಮ ಮಾಡಿ. ಮಸಾಲೆ ಕಡಲೆ, ಕಬಾಬ್ ಆಮೇಲೆ ತಿನ್ನಿ.

ಸುಮ್ನೆ ಊಹೆ ಮಾಡಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ. ಮೂರು ಸುತ್ತೂ ಸರಿ ಹೇಳಿದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ 27ರಲ್ಲಿ 1. ಆಗ ಬೆಟ್ ದುಡ್ಡು ಕೊಟ್ಟುಬಿಡಿ. ನಮ್ಮ ಗುಂಪಿನಲ್ಲಿ ಪೀಟ್ (ಜೌಗು ನೆಲದ ಕೊಳೆತ ಗಿಡಮಣ್ಣು) ಹೊಗೆಯ ವಿಸ್ಕಿ ಇಟ್ಟಾಗ ಎಲ್ಲರೂ ಗೆದ್ದರು. ಒಂದೇ ಬ್ರ್ಯಾಂಡಿನ 12 ಮತ್ತು 18 ಇಟ್ಟಾಗ ಸದ್ದೇ ಇಲ್ಲ.

ಒಳ್ಳೇ ವಿಸ್ಕಿಗೆ ನೀರು ಹಾಕಿದ್ರೆ ಪಾಪ ಅಂತಾರೆ?

ಬಾಟಲಿ ತುಂಬುವ ಮೊದಲು ಕಂಪನಿಯವರೇ ನೀರು ಹಾಕಿರುತ್ತಾರೆ. ನೀವು ಇನ್ನೆರಡು ಚಮಚ ಹಾಕಿದರೆ ಯಾವ ಪಾಪ? ಹೊಗೆಯ ವಾಸನೆ ಕೊಡುವ ಗ್ವಾಯಕಾಲ್‌ನಂಥ ಅಣುಗಳು ವಿಸ್ಕಿ ತೆಳುವಾದಾಗ ಮೇಲ್ಮೈಗೆ ಬರುತ್ತವೆ ಅಂತ ಸ್ವೀಡನ್ನಿನ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು. ಐಸ್ ಮಾತ್ರ ಬೇರೆ. ತಣ್ಣಗಾದರೆ ವಾಸನೆ ಏಳುವುದಿಲ್ಲ. ವಾಸನೆ ಇಲ್ಲದಿದ್ದರೆ ದುಬಾರಿ ಬಾಟಲಿಯ ಅರ್ಧ ದುಡ್ಡು ಹೋದಂತೆ. ಕೋಲಾ ಬೆರೆಸುವುದಾದರೆ ಅಗ್ಗದ್ದೇ ತನ್ನಿ, ಮನಸ್ಸಿಗೂ ನೆಮ್ಮದಿ.

ಅಷ್ಟು ಪಾಯಿಂಟ್, ಇಷ್ಟು ಚಿನ್ನದ ಪದಕ ಅಂತ ಹಾಕಿರ್ತಾರೆ. ನಂಬಬಹುದಾ?

ಪದಕಗಳನ್ನು ಅರ್ಧ ನಂಬಿ. ಹೆಚ್ಚಿನ ಸ್ಪರ್ಧೆಗಳಿಗೆ ಕಂಪನಿಯೇ ಶುಲ್ಕ ಕಟ್ಟಿ ಬಾಟಲಿ ಕಳಿಸುತ್ತದೆ, ಕಳಿಸದವರು ಲೆಕ್ಕದಲ್ಲೇ ಇರುವುದಿಲ್ಲ.

ಆದರೂ ಒಂದೊಂದು ಸಲ ಅಂಕಗಳು ಒಳ್ಳೆಯ ಕೆಲಸ ಮಾಡುತ್ತವೆ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾಗಿದ್ದು ಬೆಂಗಳೂರಲ್ಲಲ್ಲ, ಗ್ಲಾಸ್ಗೋದಲ್ಲಿ. ಭಾರತದ ವಿಸ್ಕಿ ಅಂದರೆ ಅಲ್ಲಿ ಜನ ನಗುತ್ತಿದ್ದ ಕಾಲ. ಬ್ರಿಟಿಷ್ ವಿಮರ್ಶಕ ಜಿಮ್ ಮರ್ರೆ 2010ರ ಕೈಪಿಡಿಯಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಕೊಟ್ಟು ಪ್ರಪಂಚದಲ್ಲೇ ಮೂರನೆಯದು ಅಂದರು. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆ ಹಿಡಿಸಿದ ಬಾರ್ಲಿ ಸೇರಿಸಿ ಮಾಡಿದ ಆ ವಿಸ್ಕಿಯ ಬೆಲೆ ಅದರ ಸಾಲಿನ ಇತರರ ಮುಂದೆ ಏನೇನೂ ಅಲ್ಲ. ಬೆಲೆ ನೋಡಿಯೇ ಕೊಳ್ಳುವವರಾಗಿದ್ದರೆ ಅದನ್ನು ದಾಟಿ ಹೋಗಿರುತ್ತಿದ್ದರು.

ಕೋಟಿಗಟ್ಟಲೆ ಕೊಟ್ಟು ತಗೋತಾರಲ್ಲ, ಅದರಲ್ಲಿ ಅಂಥದ್ದೇನಿರುತ್ತೆ?

2023ರ ನವೆಂಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 1926ರ ಮೆಕಾಲನ್ ಒಂದು ಬಾಟಲಿ 21 ಲಕ್ಷ ಪೌಂಡ್ ದಾಟಿತು, ಹತ್ತಿರ ಹತ್ತಿರ 22 ಕೋಟಿ ರೂಪಾಯಿ. 60 ವರ್ಷ ಪೀಪಾಯಿಯಲ್ಲಿದ್ದು 40 ಬಾಟಲಿ ಮಾತ್ರ ಸಿಕ್ಕ ಸರಕು. ಅದನ್ನು ಕೊಂಡವರು ಬಿರಡೆ ತೆಗೆದ ಮರುಕ್ಷಣ ಬೆಲೆ ಬಿದ್ದುಹೋಗುತ್ತದೆ. ಕುಡಿಯದೆ ಇರುವುದರಿಂದಲೇ ಬೆಲೆ ಉಳಿದಿರುವ ವಸ್ತುವಿನ ರುಚಿ ಕೇಳಿ ಏನು ಮಾಡುತ್ತೀರಿ?

ಅಪ್ಪನ ಬೀರುವಲ್ಲಿ ಇಪ್ಪತ್ತು ವರ್ಷದ ಹಿಂದಿನ ಸ್ಕಾಚ್ ಇದೆ. ಈಗ ಇನ್ನೂ ರುಚಿ ಆಗಿರುತ್ತಾ?

ಇಲ್ಲ. ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. 12 ವರ್ಷದ್ದು ಇವತ್ತಿಗೂ 12 ವರ್ಷದ್ದೇ. ಸೀಲ್ ಗಟ್ಟಿ ಇದ್ದು, ಬಿಸಿಲು ಬೀಳದಿದ್ದರೆ ಕೆಟ್ಟಿರುವುದೂ ಇಲ್ಲ. ಕಾರ್ಕ್ ಬಿರಡೆ ಆಗಿದ್ದರೆ ಬಾಟಲಿ ನೆಟ್ಟಗೆ ನಿಲ್ಲಿಸಿಡಿ, ಮಲಗಿಸಿದರೆ ವಿಸ್ಕಿಯೇ ಕಾರ್ಕನ್ನು ತಿನ್ನುತ್ತದೆ. ತೆಗೆಯುವಾಗ ಹಳೆಯ ಕಾರ್ಕ್ ಮುರಿದರೆ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ತೆರೆದ ಮೇಲೆ ಗಾಳಿ ಸೇರಿ ನಿಧಾನಕ್ಕೆ ಸಪ್ಪೆಯಾಗುತ್ತದೆ. ಕಾಲು ಬಾಟಲಿಗಿಂತ ಕಡಿಮೆ ಉಳಿದಿದ್ದರೆ ಚಿಕ್ಕ ಬಾಟಲಿಗೆ ಬಗ್ಗಿಸಿ ಮುಚ್ಚಿಡಿ, ಇಲ್ಲವೇ ಅಪ್ಪನನ್ನೇ ಕೂರಿಸಿಕೊಂಡು ಮುಗಿಸಿ.